ಘಟ್ಟದ ನೆತ್ತಿ ದಾಟಿ ಬರುತ್ತಿದ್ದ ರಾಕ್

2009ರ ಡಿಸೆಂಬರ್ ಕೊನೆಯ ವಾರ. ದೇಶದಾದ್ಯಂತ ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊದ ಚಂದಾದಾರರಿಗೆ ಒಂದು ಸೂಚನೆ ತಲುಪಿತು: ಡಿಸೆಂಬರ್ 31ಕ್ಕೆ ಭಾರತದ ಸೇವೆ ಮುಗಿಯುತ್ತದೆ. ಹೊಸ ವರ್ಷ ಬರುವಷ್ಟರಲ್ಲಿ ಕರ್ನಾಟಕ ಸಂಗೀತದ ‘ಶ್ರುತಿ’, ಹಿಂದೂಸ್ತಾನಿಯ ‘ಗಂಧರ್ವ’, ಹಳೆಯ ಹಿಂದಿ ಹಾಡುಗಳ ‘ಫರಿಷ್ತಾ’, ಕನ್ನಡದ ‘ಸ್ಪರ್ಶ’ ಎಲ್ಲವೂ ಒಟ್ಟೊಟ್ಟಿಗೇ ನಿಂತುಹೋದವು. ಆ ಸಾಲಿನಲ್ಲಿ ರಾಕ್ ಸಂಗೀತಕ್ಕೆಂದೇ ಮೀಸಲಾಗಿದ್ದ ‘ಆರ್ಬಿಟ್ ರಾಕ್’ ಕೂಡ ಇತ್ತು.

ಶಾಸ್ತ್ರೀಯ ಸಂಗೀತದವರಿಗೆ ಆಕಾಶವಾಣಿ ಉಳಿದಿತ್ತು. ಸಿನಿಮಾ ಹಾಡು ಬೇಕಾದವರಿಗೆ ಎಫ್‌ಎಂ ಕೇಂದ್ರಗಳ ಸಾಲೇ ಇತ್ತು. ರಾಕ್ ಕೇಳುತ್ತಿದ್ದವರಿಗೆ, ಅದರಲ್ಲೂ ದೊಡ್ಡ ನಗರಗಳಿಂದ ದೂರ ಇದ್ದವರಿಗೆ, ಮುಳ್ಳು ತಿರುಗಿಸಿ ಹುಡುಕಲು ಇನ್ನೊಂದು ಸ್ಟೇಷನ್ ಇರಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಊರುಗಳ ಆಕಾಶದಿಂದ ಇಪ್ಪತ್ತನಾಲ್ಕು ಗಂಟೆಯ ರಾಕ್ ಚಾನೆಲ್ ಒಂದು ಅಂದು ಮರೆಯಾಯಿತು. ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ತಿಳಿಯಲು ಈ ನೆಲದಲ್ಲಿ ರೇಡಿಯೊ ಅಲೆ ಹೇಗೆ ಓಡಾಡುತ್ತದೆ ಎಂಬುದರಿಂದಲೇ ಶುರುಮಾಡಬೇಕು.

ಗುಡ್ಡ, ತೋಟ ಮತ್ತು ಅಲೆ

ಮಂಗಳೂರಿನಿಂದ ನೇತ್ರಾವತಿಯ ದಡ ಹಿಡಿದು ಪೂರ್ವಕ್ಕೆ ಹೊರಟರೆ ಮೊದಲು ಬಂಟ್ವಾಳ. ಇನ್ನೂ ಒಳಕ್ಕೆ, ಚಾರ್ಮಾಡಿ ಘಾಟಿಯ ಬುಡದ ಕಡೆಗೆ ಬೆಳ್ತಂಗಡಿ. ಈಶಾನ್ಯಕ್ಕೆ ಸಾವಿರ ಕಂಬದ ಬಸದಿಯ ಮೂಡುಬಿದಿರೆ. ಸಮುದ್ರದಿಂದ ಒಳಗೆ ಹೋದಷ್ಟೂ ಗುಡ್ಡ ಹೆಚ್ಚು, ಕಣಿವೆ ಆಳ. ಮನೆಗಳು ರಸ್ತೆ ಬದಿಗಿಂತ ಹೆಚ್ಚಾಗಿ ಅಡಿಕೆ ತೋಟದ ನಡುವೆ, ಗುಡ್ಡದ ಮಗ್ಗುಲಲ್ಲಿ. ಬೆಳ್ತಂಗಡಿಯ ಬಳಿ ಗಡಾಯಿಕಲ್ಲು ಒಂಟಿಯಾಗಿ ಎದ್ದು ನಿಂತಿದೆ. ಅದರ ಹಿಂದೆ ಕುದುರೆಮುಖದ ಸಾಲು.

ಇಲ್ಲಿಗೆ ಮೊದಲು ಹತ್ತಿರದಿಂದ ಮಾತಾಡಿದ್ದು ಆಕಾಶವಾಣಿ. 1976ರ ಡಿಸೆಂಬರ್‌ನಲ್ಲಿ ಮಂಗಳೂರು ಕೇಂದ್ರ ಶುರುವಾಯಿತು. ಕದ್ರಿ ಗುಡ್ಡದಲ್ಲಿ ಸ್ಟುಡಿಯೊ, ಬ್ರಹ್ಮಾವರದಲ್ಲಿ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್, 1089 ಕಿಲೋಹರ್ಟ್ಸ್. ಈ ಅಲೆಯ ಒಂದು ಏರಿಳಿತದ ಉದ್ದ ಸುಮಾರು 275 ಮೀಟರ್. ಅಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ, ಗುಡ್ಡ ಅಡ್ಡ ಬಂದರೂ ಬಳಸಿಕೊಂಡು ಆಚೆಗೆ ಇಳಿಯುತ್ತದೆ. ತುಳು, ಕೊಂಕಣಿ ಕಾರ್ಯಕ್ರಮ, ಯಕ್ಷಗಾನ, ‘ಕೆಂಚಣ್ಣ’ ಎಂದೇ ಮನೆಮಾತಾದ ಕೆ.ಆರ್. ರೈ ಅವರ ಕೃಷಿಯ ಮಾತು, ಎಲ್ಲವೂ ತೋಟದ ಮನೆಯ ಚಾವಡಿಯವರೆಗೆ ಬರಲು ಈ ಉದ್ದದ ಅಲೆಯೇ ಕಾರಣ.

ಎಫ್‌ಎಂನ ಸ್ವಭಾವ ಬೇರೆ. ಅದರ ಅಲೆಯ ಉದ್ದ ಮೂರು ಮೀಟರ್ ಆಸುಪಾಸು. ಧ್ವನಿ ಸ್ವಚ್ಛ, ಗಿಟಾರಿನ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸೀತು. ಆದರೆ ಅದು ಹೆಚ್ಚುಕಡಿಮೆ ನೇರಕ್ಕೇ ಹೋಗುತ್ತದೆ, ಗುಡ್ಡದ ಮರೆಯಲ್ಲಿದ್ದವರನ್ನು ಬಿಟ್ಟುಹೋಗುತ್ತದೆ. ಮಂಗಳೂರಿನ ಎಫ್‌ಎಂ ಹಾಕಿಕೊಂಡು ವಾಹನದಲ್ಲಿ ಒಳನಾಡಿಗೆ ಹೊರಟವರಿಗೆ ಇದು ಗೊತ್ತು. ಏರು ಹತ್ತಿದಾಗ ಹಾಡು ತಿಳಿಯಾಗಿ ಕೇಳುತ್ತದೆ, ತಿರುವಿನಲ್ಲಿ ಇಳಿದರೆ ಗರಗರ.

ವರ್ಲ್ಡ್‌ಸ್ಪೇಸ್ ಬಂದದ್ದು ಈ ಎರಡೂ ದಾರಿ ಬಿಟ್ಟು, ಮೇಲಿನಿಂದ. ಅದರ ‘ಏಷ್ಯಾಸ್ಟಾರ್’ ಉಪಗ್ರಹ 2000ದ ಮಾರ್ಚ್ 21ರಂದು ದಕ್ಷಿಣ ಅಮೆರಿಕದ ಕೂರೂ ಉಡಾವಣಾ ಕೇಂದ್ರದಿಂದ ಹಾರಿ, ಸಮಭಾಜಕದ ನೆತ್ತಿಯಲ್ಲಿ, 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆಯಾಯಿತು. ದಕ್ಷಿಣ ಕನ್ನಡದ ಅಂಗಳದಲ್ಲಿ ನಿಂತು ಲೆಕ್ಕ ಹಾಕಿದರೆ ಅದು ಪೂರ್ವಕ್ಕೆ ತುಸು ದಕ್ಷಿಣಕ್ಕೆ ವಾಲಿದ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 50 ಡಿಗ್ರಿ ಮೇಲೆ. ಅಂದರೆ ಘಟ್ಟ ಇರುವ ದಿಕ್ಕೇ. ಆದರೆ ಅಷ್ಟು ಎತ್ತರದಿಂದ ಇಳಿಯುವ ಅಲೆಗೆ ಕುದುರೆಮುಖವೂ ಅಡ್ಡವಾಗದು. ಪಶ್ಚಿಮದಿಂದ ಬರುವ ಎಫ್‌ಎಂಗೆ ಸಣ್ಣ ಗುಡ್ಡವೂ ತಡೆ. ಪೂರ್ವದಿಂದ ಬರುವ ಈ ಅಲೆಗೆ ಪಶ್ಚಿಮ ಘಟ್ಟವೇ ಲೆಕ್ಕಕ್ಕಿಲ್ಲ.

ಅದಕ್ಕೆ ತಡೆಯಾಗಿದ್ದದ್ದು ಗುಡ್ಡವಲ್ಲ, ಅಡಿಕೆ ಮರ. ವರ್ಲ್ಡ್‌ಸ್ಪೇಸ್ ಬಳಸುತ್ತಿದ್ದ ‘ಎಲ್ ಬ್ಯಾಂಡ್’ ಅಲೆಯ ಉದ್ದ ಸುಮಾರು ಇಪ್ಪತ್ತು ಸೆಂಟಿಮೀಟರ್. ಸೂರು, ಗೋಡೆ, ಒದ್ದೆ ಎಲೆಗಳ ದಟ್ಟಣೆ ಇದನ್ನು ತಡೆದುಬಿಡುತ್ತವೆ. ಹಾಗಾಗಿ ರೇಡಿಯೊ ಪೆಟ್ಟಿಗೆಯ ಜತೆ ಬರುತ್ತಿದ್ದ ಚಪ್ಪಟೆ ಆಂಟೆನಾವನ್ನು ವೈರಿನ ತುದಿಯಲ್ಲಿ ಕಿಟಕಿಗೋ ತಾರಸಿಗೋ ಒಯ್ದು, ಬಯಲು ಆಕಾಶ ಕಾಣುವ ಕಡೆ ಮುಖಮಾಡಿ ಇಡಬೇಕಿತ್ತು. ಪೆಟ್ಟಿಗೆಯ ಪರದೆಯಲ್ಲಿ ಸಿಗ್ನಲ್ ಗೆರೆ ಏರುವವರೆಗೆ ಅದನ್ನು ಅತ್ತಿತ್ತ ಸರಿಸುತ್ತ ಇರಬೇಕು. ತೋಟದ ನಡುವಿನ ಮನೆಯಲ್ಲಾದರೆ ಅಡಿಕೆ ಒಣಗಿಸುವ ಅಂಗಳವೇ ಇದಕ್ಕೆ ಸರಿಯಾದ ಜಾಗ, ಬಿಸಿಲು ಬೀಳುವ ಕಡೆಯೇ ಆಕಾಶವೂ ತೆರೆದಿರುತ್ತದೆ.

ಕರಾವಳಿಗೆ ಇನ್ನೊಂದು ಅನುಕೂಲವಿತ್ತು. ಡಿಟಿಎಚ್ ಟಿವಿಯ ಅಲೆ ಎರಡು ಮೂರು ಸೆಂಟಿಮೀಟರಿನದು. ಆಷಾಢದ ಜಡಿಮಳೆಗೆ ಚಿತ್ರ ಹೆಪ್ಪುಗಟ್ಟಿ ನಿಲ್ಲುವುದು ಇಲ್ಲಿನ ಎಲ್ಲ ಮನೆಗಳ ಅನುಭವ. ಎಲ್ ಬ್ಯಾಂಡಿನ ಉದ್ದದ ಅಲೆಯನ್ನು ಮಳೆ ಹನಿ ಅಷ್ಟಾಗಿ ನುಂಗುವುದಿಲ್ಲ. ಟಿವಿ ನಿಂತ ಮಳೆಯಲ್ಲೂ ಈ ರೇಡಿಯೊ ಹಾಡುವಂತಿತ್ತು.

ಕಿವಿ ಮೊದಲೇ ಸಿದ್ಧವಿತ್ತು

ಅಡಿಕೆ ತೋಟಕ್ಕೂ ರಾಕ್ ಸಂಗೀತಕ್ಕೂ ಏನು ಸಂಬಂಧ ಎಂದು ಕೇಳುವವರು ಇರುತ್ತಾರೆ. ಈ ಭಾಗದ ಸಂಗೀತವನ್ನು ಹತ್ತಿರದಿಂದ ಬಲ್ಲವರಿಗೆ ಆ ಪ್ರಶ್ನೆ ಏಳುವುದಿಲ್ಲ. ಬಂಟ್ವಾಳದ ಮೊಡಂಕಾಪು, ಅಗ್ರಾರ್ ಇಗರ್ಜಿಗಳಿಂದ ಹಿಡಿದು ಮೂಡುಬಿದಿರೆ ಸುತ್ತಲಿನ ಕ್ರೈಸ್ತ ಮನೆಗಳವರೆಗೆ ಗಿಟಾರು, ಕೀಬೋರ್ಡು, ಡ್ರಮ್ಮು ಹೊರಗಿನ ವಾದ್ಯಗಳೇ ಅಲ್ಲ. ಗಾಯನವೃಂದದಲ್ಲಿ, ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ, ಮದುವೆಯ ಬ್ಯಾಂಡಿನಲ್ಲಿ ಮಕ್ಕಳು ಅವನ್ನು ನೋಡುತ್ತಲೇ ಬೆಳೆಯುತ್ತಾರೆ. ‘ಕೊಂಕಣ್ ಕೊಗುಳ್’ ಎನಿಸಿಕೊಂಡ ವಿಲ್ಫಿ ರೆಬಿಂಬಸ್ ಪಾಶ್ಚಾತ್ಯ ವಾದ್ಯಗಳ ಮೇಲೆಯೇ ಕೊಂಕಣಿ ಹಾಡಿನ ದೊಡ್ಡ ಲೋಕ ಕಟ್ಟಿದರು. ಮಂಗಳೂರಿನವರೇ ಆದ ಗುರುಕಿರಣ್ 1998ರಲ್ಲಿ ‘ಎ’, ಮರುವರ್ಷ ‘ಉಪೇಂದ್ರ’ ಚಿತ್ರಗಳ ಮೂಲಕ ಕನ್ನಡ ಸಿನಿಮಾ ಹಾಡಿಗೆ ಗಡುಸಾದ ಗಿಟಾರಿನ ಸದ್ದು ತಂದಾಗ, ಆ ಸದ್ದಿನ ಹಿಂದೆ ಕರಾವಳಿಯ ಈ ಪರಿಸರವೂ ಇತ್ತು.

ಕಾಲೇಜುಗಳು ಇದನ್ನು ಇನ್ನಷ್ಟು ಹಬ್ಬಿಸಿದವು. ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಆಳ್ವಾಸ್ ಸಂಸ್ಥೆಗಳು, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಎಸ್‌ಡಿಎಂ ಕಾಲೇಜು ಬೆಳೆದಂತೆ ಹೊರಜಿಲ್ಲೆ, ಹೊರರಾಜ್ಯಗಳ ಸಾವಿರಾರು ವಿದ್ಯಾರ್ಥಿಗಳು ಈ ಸಣ್ಣ ಊರುಗಳಿಗೆ ಬಂದರು. ಆಳ್ವಾಸ್‌ನಲ್ಲಿ ಮಣಿಪುರದ ವಿದ್ಯಾರ್ಥಿಗಳೂ ಇದ್ದಾರೆ. ಈಶಾನ್ಯದ ರಾಜ್ಯಗಳಲ್ಲಿ ರಾಕ್ ಎಂದರೆ ಊರಿನ ಸಂಗೀತವೇ.

ಈ ಕಿವಿಗಳಿಗೆ ಹಾಡು ಒದಗಿಸಿದ್ದು ಬಹುಕಾಲ ದೂರದ ಸ್ಟೇಷನ್‌ಗಳು. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ನಿಲ್ಲಿಸಿದ್ದ ಭಾರೀ ಟ್ರಾನ್ಸ್‌ಮಿಟರ್ ಯುದ್ಧಾನಂತರ ರೇಡಿಯೊ ಸಿಲೋನ್‌ಗೆ ದಕ್ಕಿತು. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಇಡೀ ಭಾರತ ಸಿಲೋನಿನತ್ತ ತಿರುಗಿದ ಕತೆ ಎಲ್ಲರಿಗೂ ಗೊತ್ತು. ಅದೇ ಸಿಲೋನಿನ ಇಂಗ್ಲಿಷ್ ವಿಭಾಗ ಪಾಶ್ಚಾತ್ಯ ಹಾಡುಗಳನ್ನು ದಕ್ಷಿಣ ಭಾರತದ ಮನೆಗಳಿಗೆ ತಂದಿತೆಂಬುದನ್ನು ನೆನೆಯುವವರು ಕಡಿಮೆ. ಬಿಬಿಸಿ ವರ್ಲ್ಡ್ ಸರ್ವಿಸ್‌ನಲ್ಲಿ ಡೇವ್ ಲೀ ಟ್ರಾವಿಸ್ ನಡೆಸುತ್ತಿದ್ದ ‘ಎ ಜಾಲಿ ಗುಡ್ ಷೋ’ 1981ರಿಂದ ಎರಡು ದಶಕ ನಡೆಯಿತು. ಗೃಹಬಂಧನದಲ್ಲಿದ್ದ ಆಂಗ್ ಸಾನ್ ಸೂಕಿ ಕೂಡ ಅದರ ಕೇಳುಗರಾಗಿದ್ದರು. 1969ರಲ್ಲಿ ದೆಹಲಿಯಲ್ಲಿ ಶುರುವಾದ ಆಕಾಶವಾಣಿಯ ‘ಯುವವಾಣಿ’ ಕೂಡ ಕಾಲೇಜು ಹುಡುಗರಿಗೆ ಮೈಕು ಕೊಟ್ಟು, ಅವರ ಇಷ್ಟದ ಹಾಡು ಹಾಕಲು ಜಾಗ ಮಾಡಿತು.

ಕಿರುತರಂಗದಲ್ಲಿ ಕೇಳುವುದೆಂದರೆ ಏಳುತ್ತ ಬೀಳುತ್ತ ಬರುವ ಹಾಡನ್ನು ಹಿಡಿಯುವ ಸಾಹಸ. ಅದೂ ವಾರಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ. ಆ ಹಿನ್ನೆಲೆಯಲ್ಲಿ, ಹಗಲೂ ರಾತ್ರಿ ಒಂದೇ ಹದದಲ್ಲಿ, ಜಾಹೀರಾತಿನ ಕಾಟವಿಲ್ಲದೆ ರಾಕ್ ಕೊಡುವ ಚಾನೆಲ್ ಬಂದಾಗ ಅದು ಎಷ್ಟು ದೊಡ್ಡದಾಗಿ ಕಂಡಿರಬೇಕು!

ನೆಲದ ಮೇಲೆ ಜಾಗ ಸಿಗಲಿಲ್ಲ

ಎಫ್‌ಎಂ ಖಾಸಗಿಯವರಿಗೆ ತೆರೆದಾಗ ರಾಕ್‌ಗೂ ಒಂದು ನೆಲೆ ಸಿಕ್ಕೀತು ಎಂಬ ಆಸೆ ಹುಟ್ಟಿತ್ತು. ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೊ ಸಿಟಿ, 2001ರ ಜುಲೈ 3ರಂದು ಶುರುವಾದದ್ದು ಬೆಂಗಳೂರಿನಲ್ಲೇ. ಮೊದಮೊದಲು ಅದು ಕನ್ನಡ, ಹಿಂದಿಯ ಜತೆ ಇಂಗ್ಲಿಷ್ ಹಾಡುಗಳನ್ನೂ ಹಾಕುತ್ತಿತ್ತು. ಮುಂಬೈಯಲ್ಲಿ ‘ಗೋ 92.5’ ಇಂಗ್ಲಿಷ್ ಸಂಗೀತವನ್ನೇ ನೆಚ್ಚಿ ನಡೆಯಿತು.

ಆ ಆಸೆಯನ್ನು ಕೆಡಿಸಿದ್ದು ಲೆಕ್ಕಾಚಾರ. ಮೊದಲ ಹಂತದ ಪರವಾನಗಿ ಶುಲ್ಕ ವರ್ಷವರ್ಷಕ್ಕೆ ಶೇ 15ರಷ್ಟು ಏರುವಂತಿತ್ತು. ಹಣ ಬರುವುದು ಜಾಹೀರಾತಿನಿಂದ ಮಾತ್ರ, ಜಾಹೀರಾತು ಹೋಗುವುದು ಹೆಚ್ಚು ಜನ ಕೇಳುವ ಕಡೆಗೆ. ‘ಗೋ’ ಹೆಸರು ಬದಲಿಸಿಕೊಂಡು ‘ರೇಡಿಯೊ ಒನ್’ ಆಯಿತು, ಹಿಂದಿಗೆ ಹೊರಳಿತು. ರೇಡಿಯೊ ಸಿಟಿಯ ಇಂಗ್ಲಿಷ್ ಗಂಟೆಗಳೂ ಕರಗಿದವು. 2005ರ ಎರಡನೇ ಹಂತದ ನೀತಿ ಶುಲ್ಕದ ಭಾರ ಇಳಿಸಿ, ಆದಾಯದಲ್ಲಿ ಶೇ 4ರಷ್ಟು ಪಾಲು ಕೇಳುವ ಕ್ರಮ ತಂದಿತು. ಆದರೆ ಒಂದು ನಗರದಲ್ಲಿ ಒಂದು ಕಂಪನಿಗೆ ಒಂದೇ ಚಾನೆಲ್ ಎಂಬ ನಿಯಮವನ್ನೂ ಇಟ್ಟಿತು. ಇರುವುದೊಂದೇ ಚಾನೆಲ್ ಎಂದಾಗ ಸಣ್ಣ ಗುಂಪಿನ ರುಚಿಗೆ ಅದನ್ನು ಮುಡಿಪಾಗಿಡುವ ಧೈರ್ಯ ಯಾರು ಮಾಡುತ್ತಾರೆ?

ಮಂಗಳೂರಿಗೂ ಖಾಸಗಿ ಎಫ್‌ಎಂಗಳು ಬಂದದ್ದು ಈ ಎರಡನೇ ಹಂತದ ಬಳಿಕ. ಕನ್ನಡ, ಹಿಂದಿ ಸಿನಿಮಾ ಹಾಡು, ತುಳುವಿನ ಹರಟೆಯಿಂದ ಅವು ಮನೆಮಾತಾದವು. ತುಳುವಿಗೆ ಖಾಸಗಿ ರೇಡಿಯೊದಲ್ಲಿ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ. ರಾಕ್‌ಗೆ ಮಾತ್ರ ಸಿಗಲಿಲ್ಲ. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ 91.9 ರೇಡಿಯೊ ಇಂಡಿಗೊ ಇಂಗ್ಲಿಷ್ ಸಂಗೀತಕ್ಕೇ ನಿಂತಿತು, ಗೋವಾದಲ್ಲೂ ತನ್ನ ಕೇಂದ್ರ ತೆರೆಯಿತು. ಬೆಂಗಳೂರಿನ ಅಲೆ ಘಟ್ಟ ಇಳಿದು ಬರುವುದಿಲ್ಲ, ಗೋವಾದ್ದು ಇಷ್ಟು ದಕ್ಷಿಣಕ್ಕೆ ತಲುಪುವುದಿಲ್ಲ. ಎರಡು ಇಂಗ್ಲಿಷ್ ಕೇಂದ್ರಗಳ ನಡುವೆ ದಕ್ಷಿಣ ಕನ್ನಡ ಬರಿದಾಗಿಯೇ ಉಳಿಯಿತು.

ಉಪಗ್ರಹ ರೇಡಿಯೊದ ಮಹತ್ವ ಕಾಣುವುದು ಇಲ್ಲಿ. ಅದಕ್ಕೆ ಮಂಗಳೂರಿನಲ್ಲಿ ಎಷ್ಟು ಜನ ರಾಕ್ ಕೇಳುತ್ತಾರೆ ಎಂಬ ಲೆಕ್ಕ ಬೇಕಿರಲಿಲ್ಲ. ಬೆಳ್ತಂಗಡಿಯಲ್ಲೊಬ್ಬ, ಶಿಲ್ಲಾಂಗಿನಲ್ಲೊಬ್ಬ, ಕೊಚ್ಚಿಯಲ್ಲೊಬ್ಬ ಎಂದು ಚದುರಿಹೋದ ಕೇಳುಗರನ್ನು ಅದು ಒಂದೇ ಊರಿನವರಂತೆ ಒಟ್ಟುಮಾಡಬಲ್ಲದಾಗಿತ್ತು. ಅವರ ಚಂದಾ ಹಣವೇ ಅದರ ಆದಾಯ.

ಆಕಾಶದ ಬೀಗದ ಕೈ ಬೇರೆಡೆ ಇತ್ತು

ವರ್ಲ್ಡ್‌ಸ್ಪೇಸ್‌ನ ಹುಟ್ಟಿನ ಹಿಂದೆ ಒಂದು ಒಳ್ಳೆಯ ಉದ್ದೇಶವಿತ್ತು. ಇಥಿಯೋಪಿಯ ಮೂಲದ ನೋವಾ ಸಮಾರಾ 1990ರಲ್ಲಿ ಇದನ್ನು ಕಟ್ಟಿದ್ದು, ಏಡ್ಸ್ ಕುರಿತ ಮಾಹಿತಿ ಕೂಡ ತಲುಪದ ಆಫ್ರಿಕದ ಹಳ್ಳಿಗಳಿಗೆ ಆಕಾಶದಿಂದ ರೇಡಿಯೊ ಮುಟ್ಟಿಸುವ ಕನಸಿನಿಂದ. ‘ಆಫ್ರಿಸ್ಟಾರ್’ 1998ರ ಅಕ್ಟೋಬರ್‌ನಲ್ಲಿ ಹಾರಿತು, ಎರಡು ವರ್ಷದೊಳಗೆ ‘ಏಷ್ಯಾಸ್ಟಾರ್’. ಮೂರನೆಯ ‘ಅಮೆರಿಸ್ಟಾರ್’ ನೆಲ ಬಿಟ್ಟು ಏಳಲೇ ಇಲ್ಲ.

ಕ್ರಮೇಣ ಕಂಪನಿಯ ಬಹುಪಾಲು ಚಂದಾದಾರರು ಸಿಕ್ಕಿದ್ದು ಭಾರತದಲ್ಲಿ. ಬೆಂಗಳೂರು ಅದರ ಭಾರತೀಯ ವ್ಯವಹಾರದ ಕೇಂದ್ರವಾಯಿತು. 2006ರಲ್ಲಿ ಎ.ಆರ್. ರೆಹಮಾನ್ ರಾಯಭಾರಿಯಾಗಿ, ಅದರ ಗುರುತಿನ ಧ್ವನಿಗೆ ರಾಗ ಹಾಕಿಕೊಟ್ಟರು. ಲಕ್ಷಕ್ಕೂ ಹೆಚ್ಚು ಮನೆಗಳು ಚಂದಾ ಕಟ್ಟುತ್ತಿದ್ದವು.

ಆದರೂ ಎರಡು ಉಪಗ್ರಹಗಳ ಸಾಲದ ಮುಂದೆ ಆ ಹಣ ಸಾಲಲಿಲ್ಲ. ಇಲ್ಲಿನ ನೀತಿಯೂ ಕೈಹಿಡಿಯಲಿಲ್ಲ. ಉಪಗ್ರಹ ರೇಡಿಯೊಗೆ ನಿಯಮ ರೂಪಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2005ರಲ್ಲೇ ಶಿಫಾರಸು ಮಾಡಿತ್ತು. ವರ್ಲ್ಡ್‌ಸ್ಪೇಸ್ ಬದುಕಿರುವವರೆಗೂ ಅದು ಜಾರಿಗೆ ಬರಲಿಲ್ಲ. ಕಟ್ಟಡ, ಮರಗಳ ಮರೆಯಲ್ಲೂ ಅಲೆ ಸಿಗಬೇಕೆಂದರೆ ನೆಲದ ಮೇಲೆ ಮರುಪ್ರಸಾರದ ಕಂಬಗಳು ಬೇಕು. ಅವಿಲ್ಲದೆ ಓಡುವ ಕಾರಿನಲ್ಲಿ ಈ ರೇಡಿಯೊ ಕೇಳುವುದು ಕಷ್ಟ. ಅಮೆರಿಕದಲ್ಲಿ ಉಪಗ್ರಹ ರೇಡಿಯೊ ಬೆಳೆದದ್ದೇ ಕಾರುಗಳ ಒಳಗೆ. ಭಾರತದಲ್ಲಿ ಅದು ಕಿಟಕಿಯ ಬಳಿಯೇ ಕಟ್ಟಿಹಾಕಿದಂತೆ ಉಳಿಯಿತು.

2008ರ ಅಕ್ಟೋಬರ್‌ನಲ್ಲಿ ಕಂಪನಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೋರಿತು. ಮುಂದಿನ ವರ್ಷ ಜಾಗತಿಕ ಆಸ್ತಿ ಕೊಳ್ಳಲು ಬಂದವರು ಭಾರತದ ಚಂದಾದಾರರ ವ್ಯವಹಾರ ಬೇಡವೆಂದರು. ಹೆಚ್ಚು ಜನ ಕೇಳುತ್ತಿದ್ದ ದೇಶವೇ ಬೇಡವಾಯಿತು! ಮುಂಗಡ ಕಟ್ಟಿದವರ ಹಣದ ಪ್ರಶ್ನೆ ಅಮೆರಿಕದ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಆ ಪೆಟ್ಟಿಗೆಗಳು ಅದೊಂದೇ ಉಪಗ್ರಹದ ಅಲೆಗೆ ಮಾಡಿದಂಥವು, ಬೀಗ ಹಾಕಿದ ಸಂಕೇತವನ್ನು ಬಿಚ್ಚುವ ಅನುಮತಿ ಕಂಪನಿಯ ಕೈಯಲ್ಲಿ. ಮರ್ಫಿ ರೇಡಿಯೊ ಹಳತಾದರೂ ಯಾವುದೋ ಒಂದು ಕೇಂದ್ರ ಹಿಡಿದೀತು. ಈ ಪೆಟ್ಟಿಗೆಗೆ ಹಿಡಿಯಲು ಏನೂ ಉಳಿಯಲಿಲ್ಲ.

ಅದೇ 2009ರಲ್ಲಿ ಅಮೆರಿಕದ ಬಾಸ್ಟನ್ ನಗರವೂ ಒಂದು ರಾಕ್ ಸ್ಟೇಷನ್ನಿಗೆ ವಿದಾಯ ಹೇಳಿತು. ಡಬ್ಲ್ಯುಬಿಸಿಎನ್ 1968ರ ಮಾರ್ಚ್ 15ರಿಂದ ನಾಲ್ಕು ದಶಕ ಆ ಊರಿನ ರಾಕ್ ದನಿಯಾಗಿತ್ತು. ಒಡೆತನದ ಕಂಪನಿ ಆ ನಗರದಲ್ಲಿ ಕ್ರೀಡಾ ಸ್ಟೇಷನ್ ತೆರೆಯಲು ಮನಸ್ಸು ಮಾಡಿ, ಆಗಸ್ಟ್ 12ಕ್ಕೆ ಇದನ್ನು ನಿಲ್ಲಿಸಿತು. ಹಳೆಯ ನಿರೂಪಕರು ಮರಳಿ ಬಂದು ಮೈಕಿನ ಮುಂದೆ ಕೂತರು, ಊರಿನವರು ಕೊನೆಯ ಹಾಡಿನವರೆಗೂ ಎಚ್ಚರವಿದ್ದು ಕೇಳಿದರು. ಒಂದೇ ಊರಿನ ಸ್ಟೇಷನ್‌ಗೆ ಅಂಥ ಬೀಳ್ಕೊಡುಗೆ ಸಾಧ್ಯವಾಯಿತು. ಆರ್ಬಿಟ್ ರಾಕ್‌ನ ಕೇಳುಗರು ಒಬ್ಬರಿಗೊಬ್ಬರು ಅಪರಿಚಿತರು, ಅವರಿಗೆ ಸಿಕ್ಕಿದ್ದು ಕೆಲವೇ ದಿನಗಳ ಮುನ್ಸೂಚನೆ.

ಕಳೆದದ್ದೇನು, ಕಟ್ಟಬಹುದಾದದ್ದೇನು

ಇಂದು ಫೋನಿನಲ್ಲಿ ಬೇಕಾದ ಹಾಡೆಲ್ಲ ಸಿಗುತ್ತದಲ್ಲ, ರೇಡಿಯೊ ಸ್ಟೇಷನ್ನಿಗೆ ಮರುಗುವುದೇಕೆ ಎನ್ನಬಹುದು. ಫೋನು ಕೇಳಿದ್ದನ್ನು ಕೊಡುತ್ತದೆ, ಕೇಳಿದ್ದರ ಹಾಗೇ ಇರುವುದನ್ನು ಮತ್ತೆ ಮತ್ತೆ ಮುಂದಿಡುತ್ತದೆ. ಕೇಳುಗನಿಗೆ ಹೆಸರೇ ಗೊತ್ತಿಲ್ಲದ ಹಾಡನ್ನು, ಇದು ನಿನಗೆ ಹಿಡಿಸೀತು ಎಂಬ ವಿಶ್ವಾಸದಿಂದ ಹಾಕುವ ಒಬ್ಬ ಮನುಷ್ಯ ಸ್ಟೇಷನ್ನಿನಲ್ಲಿ ಕೂತಿರುತ್ತಾನೆ. ಗಿಟಾರ್ ಕಲಿಯುವ ಹುಡುಗಿಗೆ ಆ ಭರವಸೆಯೇ ಪಾಠ. ಇದೇ ಹೊತ್ತಿಗೆ ಇನ್ನೆಲ್ಲೋ ಇನ್ನೊಬ್ಬರು ಇದನ್ನೇ ಕೇಳುತ್ತಿದ್ದಾರೆ ಎಂಬ ಅರಿವು ಸಣ್ಣ ಊರಿನ ಒಂಟಿ ಕೇಳುಗನಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ನಗರದವರು ಊಹಿಸುವುದು ಕಷ್ಟ. ಫೋನು ತುಂಬಿಕೊಡಲಾಗದ ನಷ್ಟ ಇದು.

ಈ ನಷ್ಟವನ್ನು ತುಂಬುವ ಸಾಧನ ಊರಿನೊಳಗೇ ಇದೆ. ರೇಡಿಯೊ ತರಂಗ ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಮಾಧ್ಯಮ ಕಾರ್ಯಕರ್ತರು ಸಮುದಾಯ ರೇಡಿಯೊಗಾಗಿ ‘ಬೆಂಗಳೂರು ಘೋಷಣೆ’ ಹೊರಡಿಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಪರವಾನಗಿ ಸಿಗುವ ಮೊದಲೇ ಕೇಬಲ್ ಮೂಲಕ ಮಾತಾಡಿತು. ಕೇಂದ್ರ ಸರ್ಕಾರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಅದರ ಫಲವಾಗಿ ಮಂಗಳೂರಿನ ಸಂತ ಅಲೋಶಿಯಸ್ ಆವರಣದಲ್ಲಿ ‘ರೇಡಿಯೊ ಸಾರಂಗ್’ 107.8ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತಿದೆ. ಬೆಳ್ತಂಗಡಿ ತಾಲ್ಲೂಕಿಗೂ ಈಗ ಉಜಿರೆಯ ‘ರೇಡಿಯೊ ನಿನಾದ’ ಇದೆ.

ಇಂಥ ಕೇಂದ್ರಗಳ ಶಕ್ತಿ 100 ವ್ಯಾಟ್. ಅಲೆ ಹತ್ತು ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ವಿದೇಶಿ ಹಾಡು ಹಾಕಲು ಗೌರವಧನ, ಅನುಮತಿಗಳ ತೊಡಕೂ ಉಂಟು. ಆದರೆ ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯವಾಗಿರಬೇಕು ಎಂಬ ಅವುಗಳ ನಿಯಮವೇ ಇಲ್ಲಿ ವರ. ವಾರಕ್ಕೊಂದು ಸಂಜೆ ಒಂದು ಗಂಟೆ ಬಿಟ್ಟುಕೊಟ್ಟರೆ ಸಾಕು; ವಿದ್ಯಾಗಿರಿಯ ಹಾಸ್ಟೆಲಿನಲ್ಲಿ ಗಿಟಾರ್ ನುಡಿಸುವವರು, ಮೊಡಂಕಾಪಿನ ಗಾಯನವೃಂದದ ಹುಡುಗರು, ಉಜಿರೆಯ ಕಾಲೇಜು ಬ್ಯಾಂಡು ತಾವೇ ಕಟ್ಟಿದ ಹಾಡುಗಳೊಡನೆ ಬರಬಹುದು. ಅದರ ಬೀಗದ ಕೈ ಯಾವ ಹೊರದೇಶದ ನ್ಯಾಯಾಲಯದಲ್ಲೂ ಇರುವುದಿಲ್ಲ. ಸ್ಟುಡಿಯೊ ಇದೆ, ಪರವಾನಗಿ ಇದೆ, ನುಡಿಸುವವರೂ ಇದ್ದಾರೆ. ಕಾಲೇಜುಗಳು ಮತ್ತು ಕೇಂದ್ರಗಳು ಕೂತು ಮಾತಾಡಿ ಗಂಟೆಯೊಂದನ್ನು ಗೊತ್ತುಮಾಡುವ ಕೆಲಸವಷ್ಟೇ ಬಾಕಿ ಇದೆ.